ಅರ್ಧ ಸುತ್ತು ಸಡಿಲ

“ಕೈ ತೆಗೆಯಿರಿ!”

ಭವ್ಯಶ್ರೀ ಕೂಗಿದ ರಭಸಕ್ಕೆ ರಸ್ತೆಯಾಚೆ ನಿಂತಿದ್ದ ಆಟೋದವನೂ ತಿರುಗಿ ನೋಡಿದ. ಆದರೆ ನೋಡಬೇಕಾದವನು ನೋಡಲಿಲ್ಲ. ಅವನು ಕೌಂಟರಿನ ಮೇಲೆ ಬಗ್ಗಿ, ಒಂದು ದೊಡ್ಡ ಸ್ಕ್ರೂಡ್ರೈವರನ್ನು ಆ ಕಹಳೆಯ ಗ್ರಾಮಫೋನಿನ ಹೊಟ್ಟೆಗೆ ತೂರಿಸಿ, ಇನ್ನೇನು ತಿರುಗಿಸಬೇಕು...

ಅವಳು ಓಡಿ ಬಂದವಳೇ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಿಡಿದದ್ದೇನೋ ಸರಿ. ಬಿಡುವುದನ್ನು ಮರೆತಳು ನೋಡಿ!

“ಕೀಲಿ ಪೂರ್ತಿ ಕೊಟ್ಟಿದ್ದೀರಾ?” ಏದುಸಿರು ಬಿಡುತ್ತಾ ಕೇಳಿದಳು.

“ಕೊಟ್ಟಿದ್ದೇನೆ. ತಿರುಗಲಿಲ್ಲ. ಅದಕ್ಕೇ ಬಿಚ್ಚಿ ನೋಡುವ ಅಂತ...”

“ಬಿಚ್ಚಿದ್ದರೆ ಒಳಗಿನ ಸ್ಪ್ರಿಂಗ್ ಒಂದೇ ಸಲಕ್ಕೆ ಬಿಟ್ಟುಕೊಳ್ಳುತ್ತಿತ್ತು. ನಿಮ್ಮ ಬೆರಳು ಇರುತ್ತಿರಲಿಲ್ಲ. ಎಂತ ಮನುಷ್ಯರು ನೀವು?”

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಮಣಿಕಟ್ಟಿನ ಮೇಲಿದ್ದ ಅವಳ ಕೈಯನ್ನು ನೋಡಿದ.

“ಬೆರಳು ಉಂಟು,” ಅಂದ ಮೆಲ್ಲಗೆ. “ನೀವು ಹಿಡಿದುಕೊಂಡಿದ್ದೀರಿ.”

ಭವ್ಯಶ್ರೀ ಥಟ್ಟನೆ ಕೈ ಬಿಟ್ಟಳು. ಮುಖವೆಲ್ಲ ಬಿಸಿಯಾಯಿತು. ಆ ಬಿಸಿಯನ್ನು ಮುಚ್ಚಿಕೊಳ್ಳಲು ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ, ಇನ್ನೂ ಜೋರಾಗಿ ಬೈಯುವುದು. ಪೆಟ್ಟಿಗೆಯೊಳಗೆ ಇಣುಕಿ, ಮೂಗು ಮುಚ್ಚಿಕೊಂಡು, ಇದಕ್ಕೆ ಬೋಟಿನ ಇಂಜಿನ್ನಿನ ಎಣ್ಣೆ ಹೊಯ್ದ ಮಹಾನುಭಾವ ಯಾರು ಎಂದು ಕೇಳಿದಳು. ಮಹಾನುಭಾವ ಗೋಡೆಯ ಮೇಲಿನ ಗಡಿಯಾರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಉಡುಪಿಯ ಕಲ್ಸಂಕದಲ್ಲಿ ‘ಶೇಖರ ವಾಚ್ ವರ್ಕ್ಸ್’ ಎಂದರೆ ಸುತ್ತಿನವರಿಗೆಲ್ಲ ಗೊತ್ತು. ಅಪ್ಪ ಶೇಖರರಿಗೆ ಕಣ್ಣು ಮಂಜಾದ ಮೇಲೆ ಅವರು ಬೆಲ್ಟು, ಬ್ಯಾಟರಿ ಹಾಕುವುದಕ್ಕೆ ಇಳಿದಿದ್ದರು. ಸೂಕ್ಷ್ಮದ ಕೆಲಸವೆಲ್ಲ ಮಗಳದ್ದು. ಹಗಲಿಡೀ ಅವಳು ಮಣಿಪಾಲದ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು, ಕ್ರೌನ್ ಮಾಡುತ್ತಿದ್ದಳು. ಸಂಜೆಯಾದರೆ ಅದೇ ಮೇಣ, ಅದೇ ಚಿಕ್ಕ ಅರ ಹಿಡಿದು ಹಳೆಯ ಗಡಿಯಾರಗಳ ಎದುರು ಕೂರುತ್ತಿದ್ದಳು. ಕೈಗೆ ಎಷ್ಟು ತಾಳ್ಮೆಯೋ ನಾಲಿಗೆಗೆ ಅಷ್ಟೂ ಇಲ್ಲ. ಅಮ್ಮ ಪುಷ್ಪಾವತಿ ಆಗಾಗ ಹೇಳುವುದುಂಟು, ಇವಳ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ, ಕೆಳಗೆ ಬೀಳುವುದೂ ಇಲ್ಲ ಎಂದು.

ಬಂದವನ ಹೆಸರು ತಿಲಕ್. ಕಾಪುವಿನವನು, ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ತಂದೆ ತೀರಿಕೊಂಡ ಮೇಲೆ ತಾಯಿ ಕುಶಲಾಗೆ ಊರಿನ ಗಾಳಿ ಬೇಕೆನಿಸಿ ಇಬ್ಬರೂ ಬಂದು ನೆಲೆಸಿದ್ದರು. ಮಲ್ಪೆಯ ಐಸ್ ಪ್ಲಾಂಟುಗಳ ಯಂತ್ರ ರಿಪೇರಿ ಅವನ ಕೆಲಸ. ಗ್ರಾಮಫೋನು ತಾಯಿಯ ಸೋದರಮಾವ ವಾಸು ಎಂಬವರದ್ದಂತೆ. ಒಂದು ಕಾಲದಲ್ಲಿ ಅವರು ಅದನ್ನು ಹೊತ್ತುಕೊಂಡು ಕಡಲ ಕರೆಯ ಊರುಗಳ ಮದುವೆ ಮನೆಗಳಿಗೆಲ್ಲ ಹೋಗುತ್ತಿದ್ದರಂತೆ. ಕುಶಲಾಳ ಮದುವೆಯ ದಿನ ಅದರಲ್ಲಿ ನಾಗಸ್ವರದ ತಟ್ಟೆ ಹಾಕಿದ್ದರಂತೆ. ಪೆಟ್ಟಿಗೆ, ತಟ್ಟೆ ಎರಡೂ ಅಟ್ಟದಲ್ಲಿ ಸಿಕ್ಕಿದ ಮೇಲೆ ಆಕೆಗೆ ಅದನ್ನು ಇನ್ನೊಮ್ಮೆ ಕೇಳಬೇಕು.

“ನಿಮ್ಮಿಂದ ಆಗುತ್ತದಾ?” ಎಂದು ಕೇಳಿದ ತಿಲಕ್.

ಆಗುತ್ತದಾ ಎಂದು ಅವಳನ್ನು ಕೇಳುವುದೇ? ಮೂಗಿನ ತುದಿ ಮತ್ತೆ ಕೆಂಪಾಯಿತು.

“ಬಿಟ್ಟು ಹೋಗಿ. ಆ ಸ್ಕ್ರೂಡ್ರೈವರನ್ನು ಮಾತ್ರ ತೆಗೆದುಕೊಂಡು ಹೋಗಿ.”

ಅವನು ನಕ್ಕ. ಎಡಗೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ಅವನು ಬೈಕ್ ಹತ್ತಿ ಹೋದ ಮೇಲೂ ಅವಳಿಗೆ ಆ ಗುಳಿಯದ್ದೇ ನೆನಪು. ‘ಛೆ, ನನಗೆ ಎಂತ ಆಯಿತು?’ ಎಂದು ತನ್ನನ್ನೇ ಗದರಿಸಿಕೊಂಡಳು.

ಕೆಲಸ ಬಹಳ ಇತ್ತು. ಹಳೆಯ ಗ್ರೀಸು ಒಣಗಿ ಕಲ್ಲಾಗಿತ್ತು. ಅದರ ಮೇಲೆ ನಮ್ಮ ಮಹಾನುಭಾವನ ಎಣ್ಣೆ. ಸ್ಪ್ರಿಂಗಿನ ಬಿಗಿಯನ್ನು ಮೆಲ್ಲ ಮೆಲ್ಲನೆ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ಹಾಕಿದಳು. ಸೂಜಿ ಸಿಕ್ಕಿಸುವ ಸೌಂಡ್‌ಬಾಕ್ಸಿನಲ್ಲಿ ಕಾಗೆ ಬಂಗಾರದ, ಅಂದರೆ ಅಭ್ರಕದ, ತೆಳು ಬಿಲ್ಲೆಯೊಂದು ಇರುತ್ತದೆ. ಸೂಜಿಯ ನಡುಕ ಅದಕ್ಕೆ ತಾಗಿ, ಅಲ್ಲಿಂದ ಕಹಳೆಗೆ ಹೋಗಿ ಹಾಡಾಗುವುದು. ಬಿಲ್ಲೆ ಹೇಗೋ ಉಳಿದುಕೊಂಡಿತ್ತು, ಅಂಚಿನ ರಬ್ಬರು ಗಟ್ಟಿಯಾಗಿತ್ತು. ಹೊಸ ರಬ್ಬರು ಕೂರಿಸಿ, ನಡುವಿನ ಜೋಡಣೆಗೆ ಲ್ಯಾಬಿನಿಂದ ತಂದ ಮೇಣದ ಒಂದು ಹನಿ ಇಟ್ಟಳು.

ತಿಲಕ್ ಮಲ್ಪೆಯಿಂದ ಮನೆಗೆ ಹೋಗುವ ದಾರಿಯಲ್ಲಿ ದಿನಾ ಬರುತ್ತಿದ್ದ. ಮಲ್ಪೆಯಿಂದ ಕಾಪುವಿಗೆ ಹೋಗುವವನಿಗೆ ಕಲ್ಸಂಕ ಯಾವ ದಾರಿಯಪ್ಪಾ ಎಂದು ನೀವು ಕೇಳಬಹುದು. ಶೇಖರರೂ ಒಂದು ದಿನ ಕೇಳಿದರು. ಟ್ರಾಫಿಕ್ ಕಡಿಮೆ ಎಂದು ಉತ್ತರ ಬಂತು. ಕಲ್ಸಂಕದಲ್ಲಿ ಟ್ರಾಫಿಕ್ ಕಡಿಮೆಯಂತೆ! ಭವ್ಯಶ್ರೀ ತಲೆ ಎತ್ತಲಿಲ್ಲ, ಆದರೆ ಅವಳ ಕೈಯಲ್ಲಿದ್ದ ಚಿಮಟ ಎರಡು ಸಲ ಜಾರಿತು.

ಉಳಿದ ತೊಂದರೆ ಎಂದರೆ ಗವರ್ನರು. ಮೂರು ಪುಟ್ಟ ಗುಂಡುಗಳು ತೆಳ್ಳನೆಯ ಪಟ್ಟಿಗಳ ಮೇಲೆ ಕೂತು ಗಿರಗಿರನೆ ಸುತ್ತುತ್ತವೆ. ತಟ್ಟೆಯ ವೇಗವನ್ನು ಹದದಲ್ಲಿ ಇಡುವುದು ಅವೇ. ಅದರಲ್ಲೊಂದು ಪಟ್ಟಿ ಮುರಿದಿತ್ತು. ಅಂಥದ್ದು ಸಿಗುವುದಾದರೆ ಕಾರ್ಕಳದ ಸ್ಟ್ಯಾನಿಸ್ಲಾಸ್ ಎಂಬ ಹಳೆ ಸಾಮಾನಿನ ಮುದುಕರ ಹತ್ತಿರ ಮಾತ್ರ ಎಂದರು ಶೇಖರ. ಭಾನುವಾರ ತಿಲಕನ ಬೈಕಿನಲ್ಲಿ ಇಬ್ಬರೂ ಹೊರಟರು.

ಸ್ಟ್ಯಾನಿಸ್ಲಾಸ್ ತಮ್ಮ ಗುಜರಿಯಿಂದ ಅದೇ ಮಾದರಿಯ ಒಂದು ಅಸ್ಥಿಪಂಜರವನ್ನು ಎಳೆದು ತಂದರು. ಕಹಳೆ ಅಡ್ಡ ಬಂತು. “ನಿಮ್ಮ ಯಜಮಾನರಿಗೆ ಸ್ವಲ್ಪ ಕೊಂಬು ಹಿಡಿಯಲು ಹೇಳಮ್ಮ,” ಎಂದರು ಅವಳಿಗೆ.

ತಿಲಕ್ ಹಿಡಿದ. ಅಲ್ಲ, ಇವರು ನನ್ನ ಯಜಮಾನರಲ್ಲ ಎಂದು ಹೇಳಲು ಭವ್ಯಶ್ರೀ ಬಾಯಿ ತೆರೆದಳು. ಹಾಗೆಯೇ ಮುಚ್ಚಿದಳು. ಅವನೂ ಹೇಳಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮೂರು ಪಟ್ಟಿಗಳನ್ನು ಬಿಚ್ಚಿಕೊಂಡರು.

ಬರುವಾಗ ಹಿರಿಯಡ್ಕದಲ್ಲಿ ಗೋಳಿಬಜೆ ತಿಂದು ಚಹಾ ಕುಡಿದರು. ತಿಲಕ್ ಖಾಲಿ ಗ್ಲಾಸನ್ನು ತಿರುಗಿಸುತ್ತಾ ಕೂತ.

“ಇದು ಪೂರ್ತಿ ಸರಿಯಾದ ದಿನ ನಿಮಗೆ ಒಂದು ಮಾತು ಹೇಳುವುದುಂಟು,” ಅಂದ.

“ಈಗಲೇ ಹೇಳಿ.”

“ಈಗ ಆಗುವುದಿಲ್ಲ. ಸರಿಯಾಗಲಿ.”

ಅಷ್ಟೇ! ಒಂದು ಹುಡುಗಿಯ ನೆಮ್ಮದಿ ಕೆಡಿಸಲು ಇಷ್ಟು ಸಾಲದೇ? ಅವಳಿಗೆ ಊಟ ಸೇರಲಿಲ್ಲ. ‘ಎಂತ ಮಾತಿರಬಹುದು? ನಾನು ಎಣಿಸಿದ್ದೇ ಆಗಿದ್ದರೆ...? ಅಲ್ಲದಿದ್ದರೆ? ಮುಂಬೈಗೆ ವಾಪಸ್ ಹೋಗುತ್ತೇನೆ ಅಂತ ಹೇಳುವುದಾದರೆ?’ ಅವನ ಮಾತು ಬೇಕು. ಆದರೆ ಮಾತು ಬೇಕಾದರೆ ಗ್ರಾಮಫೋನು ಸರಿಯಾಗಬೇಕು. ಸರಿಯಾದರೆ ಅವನು ಅದನ್ನು ಹೊತ್ತುಕೊಂಡು ಹೋಗುತ್ತಾನೆ. ಮತ್ತೆ ಬರಲು ನೆಪವೇ ಇಲ್ಲ!

ಗ್ರಾಮಫೋನು ಆ ವಾರವೇ ಸರಿಯಾಯಿತು. ನಾಗಸ್ವರದ ತಟ್ಟೆ ಇಟ್ಟು, ಸೂಜಿ ಇಳಿಸಿದಾಗ ಕಹಳೆಯಿಂದ ಬಂದ ನಾದಕ್ಕೆ ಶೇಖರ ಕೂತಲ್ಲೇ ಕಣ್ಣು ಮುಚ್ಚಿಕೊಂಡರು. ತಿಲಕ್ ಬರುವುದಕ್ಕೆ ಇನ್ನೂ ಸಮಯವಿತ್ತು. ಅಪ್ಪ ಚಹಾಕ್ಕೆಂದು ಒಳಗೆ ಹೋದದ್ದೇ ತಡ, ನಮ್ಮ ಭವ್ಯಶ್ರೀ ಸಣ್ಣ ಸ್ಕ್ರೂಡ್ರೈವರು ತೆಗೆದು, ಗವರ್ನರಿನ ಒಂದು ತಿರುಪನ್ನು ಅರ್ಧ ಸುತ್ತು ಸಡಿಲಿಸಿದಳು.

ತಿಲಕ್ ಬಂದ. ತಟ್ಟೆ ತಿರುಗಿತು. ನಾಗಸ್ವರ ಒಮ್ಮೆ ಓಡಿತು, ಒಮ್ಮೆ ತೆವಳಿತು.

“ಇನ್ನೂ ಸ್ವಲ್ಪ ಹದ ಮಾಡಬೇಕು,” ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ.

“ಅವಸರ ಇಲ್ಲ,” ಅಂದ ತಿಲಕ್.

ಆಮೇಲೆ ಇದೇ ನಡೆಯಿತು. ಅವನು ಎದುರಿಗೆ ಕೂತಿರುವಾಗ ಅವಳು ಬಿಗಿ ಮಾಡುವುದು, ಅವನು ಬರುವ ಮೊದಲು ಸಡಿಲಿಸುವುದು. ಪ್ರೇಮಕ್ಕೆ ಕಣ್ಣಿಲ್ಲ ಎನ್ನುತ್ತಾರೆ. ನಾಚಿಕೆಯೂ ಇಲ್ಲ ಎಂದು ನಾನು ಸೇರಿಸುತ್ತೇನೆ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ, ಲ್ಯಾಬಿಗೆ ಅರ್ಧ ದಿನ ರಜೆ ಇದ್ದು ಅವಳೇ ಅಂಗಡಿಯಲ್ಲಿದ್ದಾಗ, ಕೊರಿಯರಿನವನು ಬಂದ. ಗ್ರಾಮಫೋನಿನ ಸೂಜಿಗಳನ್ನು ತಿಲಕ್ ಮುಂಬೈಯಿಂದ ತರಿಸಿದ್ದ. ವಿಳಾಸ ಅಂಗಡಿಯದ್ದು ಕೊಟ್ಟಿದ್ದ.

“ತಿಲಕ್ ಕರ್ಕೇರ ಯಾರು ಇಲ್ಲಿ?”

ಸಹಿ ಹಾಕಲು ಪೆನ್ನು ಹಿಡಿದ ಭವ್ಯಶ್ರೀಯ ಕೈ ಹಾಗೆಯೇ ನಿಂತಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ. ತುಳುವರಲ್ಲಿ ಪ್ರತಿಯೊಬ್ಬರಿಗೂ ಒಂದು ‘ಬರಿ’ ಇರುತ್ತದೆ, ನಿಮ್ಮಲ್ಲಿ ಗೋತ್ರ ಇದ್ದ ಹಾಗೆ. ಅದು ಬರುವುದು ತಾಯಿಯಿಂದ, ತಂದೆಯಿಂದ ಅಲ್ಲ. ಹೆಚ್ಚಿನವರು ಅದನ್ನೇ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ. ಒಂದೇ ಬರಿಯವರು ಎಲ್ಲೇ ಹುಟ್ಟಿರಲಿ, ಅಣ್ಣ ತಂಗಿ. ಮದುವೆಯ ಮಾತು ಅಲ್ಲಿ ಎತ್ತುವ ಹಾಗೇ ಇಲ್ಲ.

ಭವ್ಯಶ್ರೀಯ ಅಪ್ಪ ಸಾಲ್ಯಾನ್. ಅಮ್ಮ ಕರ್ಕೇರ. ಹಾಗಾಗಿ ಅವಳು ಭವ್ಯಶ್ರೀ ಕರ್ಕೇರ.

ಅವನೂ ಕರ್ಕೇರ!

‘ದೇವರೇ... ಅಣ್ಣ ಆಗಬೇಕಾದವನ ಮೇಲೆ ನಾನು...!’ ಹೇಗೋ ಸಹಿ ಗೀಚಿ ಕೊರಿಯರಿನವನನ್ನು ಕಳಿಸಿದಳು. ಹಿರಿಯಡ್ಕದ ಚಹಾ, ಬೈಕಿನ ಹಿಂದೆ ಕೂತು ಅವನ ಬೆನ್ನನ್ನೇ ನೋಡುತ್ತಾ ಬಂದ ದಾರಿ, ಯಜಮಾನರು ಎಂಬ ಆ ಮಾತು, ಎಲ್ಲವೂ ಒಟ್ಟಿಗೆ ನೆನಪಾಗಿ ಕಿವಿ ಸುಟ್ಟವು. ಪೊಟ್ಟಣವನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು.

ಅವನ ತಾಯಿಯ ಬರಿ ಯಾವುದೆಂದು ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಾ? ಹೇಳುವುದು ಸುಲಭ! ಬರಿ ಕೇಳುವುದು ಹಿರಿಯರು, ಅದೂ ಸಂಬಂಧ ಬೆಳೆಸುವಾಗ. ಮದುವೆಯಾಗದ ಹುಡುಗಿ ಒಬ್ಬ ಹುಡುಗನ ಎದುರು ನಿಂತು ಬರಿ ಕೇಳಿದಳೆಂದರೆ, ನಿನ್ನ ಮೇಲೆ ನನಗೆ ಮನಸ್ಸುಂಟು ಎಂದು ಬಾಯಿ ಬಿಟ್ಟು ಹೇಳಿದ ಹಾಗೆಯೇ. ಅದಲ್ಲದೆ ಅವಳಿಗೆ ಸಂಶಯವೇ ಬರಲಿಲ್ಲ. ಅವಳ ಮನೆಯಲ್ಲಿ ಎಲ್ಲರ ಹೆಸರಿನ ಮುಂದೆ ಇದ್ದದ್ದು ತಾಯಿಯ ಬರಿಯೇ. ಬೇರೆ ರೀತಿಯೂ ಇರುತ್ತದೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ತಿರುಪನ್ನು ಬಿಗಿ ಮಾಡಿದಳು. ಈ ಸಲ ಪೂರ್ತಿ. ಸಂಜೆ ತಿಲಕ್ ಬರುವಷ್ಟರಲ್ಲಿ ಗ್ರಾಮಫೋನನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕಹಳೆಯನ್ನು ಬೇರೆ ಕಟ್ಟಿ, ಕೌಂಟರಿನ ಮೇಲೆ ಇಟ್ಟಿದ್ದಳು.

“ಸರಿಯಾಯಿತು. ತೆಗೆದುಕೊಂಡು ಹೋಗಿ.”

ತಿಲಕ್ ಕಟ್ಟನ್ನು ನೋಡಿದ. ಅವಳ ಕೆಂಪು ಕಣ್ಣು ನೋಡಿದ.

“ಎಂತ ಆಯಿತು ಭವ್ಯಾ? ಹುಷಾರಿಲ್ಲವಾ?”

“ಎಂತದ್ದೂ ಇಲ್ಲ.”

ಅವನು ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿಸಿದ. “ಸರಿಯಾದ ದಿನ ಒಂದು ಮಾತು ಹೇಳುತ್ತೇನೆ ಅಂದಿದ್ದೆ...”

‘ಹೇಳಬೇಡಿ. ದಮ್ಮಯ್ಯ ಹೇಳಬೇಡಿ. ಕೇಳಿದರೆ ನಾನು ತಡೆದುಕೊಳ್ಳಲಾರೆ...’

“ಬೇಡ ಅಣ್ಣ,” ಎಂದುಬಿಟ್ಟಳು. “ನನಗೆ ಯಾವ ಮಾತೂ ಬೇಡ.”

ತಿಲಕನ ಮುಖದಿಂದ ರಕ್ತ ಇಳಿದುಹೋಯಿತು. ಅವನು ಕಟ್ಟನ್ನು ಎತ್ತಿ ರಸ್ತೆಯಾಚೆಯ ಆಟೋದಲ್ಲಿಟ್ಟ. ಹೋಗುವಾಗ ಥ್ಯಾಂಕ್ಸ್ ಎಂದ. ಅವಳಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು.

ಅಲ್ಲಿಂದ ಮುಂದಿನ ದಿನಗಳನ್ನು ಭವ್ಯಶ್ರೀ ಹೇಗೆ ಕಳೆದಳೋ! ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಲ್ಯಾಬಿನಲ್ಲಿ ಬಲಗಡೆಯ ದವಡೆಯ ಹಲ್ಲನ್ನು ಎಡಗಡೆಗೆ ಮಾಡಿಟ್ಟಳು. ಹಿರಿಯರಾದ ಡೊಮಿನಿಕ್ ಸರ್ ಅದನ್ನು ಕೈಯಲ್ಲಿ ಹಿಡಿದು, ಈ ರೋಗಿ ಕನ್ನಡಿಯಲ್ಲಿ ಊಟ ಮಾಡುತ್ತಾರಾ ಎಂದು ಕೇಳಿದರು. ಎಲ್ಲರೂ ನಕ್ಕರು. ಅವಳು ಬಾತ್‌ರೂಮಿಗೆ ಹೋಗಿ ಅತ್ತಳು.

ಸಂಜೆ ಅಂಗಡಿಯೆದುರು ಬೈಕ್ ಸದ್ದಾದರೆ ಕೈಯ ಕೆಲಸ ಬಿಟ್ಟು ಎದ್ದು ನೋಡುತ್ತಿದ್ದಳು. ಬೇರೆ ಯಾರೋ ಆಗಿರುತ್ತಿದ್ದರು. ‘ಅಣ್ಣ ಅಂತ ಹೇಳಿದ ಮೇಲೆ ಮನಸ್ಸೂ ಹಾಗೇ ಆಗಬೇಕಲ್ಲ? ಯಾಕೆ ಆಗುವುದಿಲ್ಲ?’ ಕೃಷ್ಣಮಠದ ಎದುರು ನಿಂತು, ಇವನನ್ನು ನನ್ನ ಮನಸ್ಸಿನಿಂದ ತೆಗೆದುಹಾಕು ದೇವರೇ ಎಂದು ಬೇಡಿದಳು. ಬೇಡಿ ಮುಗಿಸುವಷ್ಟರಲ್ಲಿ, ಅವನು ಊಟ ಮಾಡಿದನೋ ಇಲ್ಲವೋ ಎಂದು ಚಿಂತೆಯಾಯಿತು.

ಗುರುವಾರ ಬೆಳಿಗ್ಗೆ ಲ್ಯಾಬಿಗೆ ಹೊರಟು, ದೋಸೆಯ ಎದುರು ಕೂತಿದ್ದಾಗ ಅಮ್ಮ ಮೆಲ್ಲನೆ ಮಾತು ತೆಗೆದರು. ಹೂಡೆಯ ಹುಡುಗ, ಸುಕೇಶ್ ಎಂದು ಹೆಸರು. ದುಬೈಯಲ್ಲಿ ಕೆಲಸ. ಭಾನುವಾರ ನೋಡಲು ಬರುತ್ತಾರೆ. ಒಮ್ಮೆ ನೋಡಲಿಕ್ಕೆ ಏನು ಹೋಗುತ್ತದೆ?

ಭವ್ಯಶ್ರೀ ದೋಸೆಯನ್ನು ಚೂರು ಚೂರು ಮಾಡುತ್ತಾ ಹೂಂ ಎಂದಳು. ಯಾರಾದರೇನು, ಅವಳಿಗೆ ಈಗ ಎಲ್ಲರೂ ಒಂದೇ.

“ಸುಕೇಶ್ ಸುವರ್ಣ ಅಂತ ಹೆಸರು. ಆದರೆ ಬರಿ ಕುಂದರ್. ನಮಗೆ ಆಗುತ್ತದೆ,” ಎಂದರು ಪುಷ್ಪಾವತಿ.

ದೋಸೆ ಚೂರು ಮಾಡುತ್ತಿದ್ದ ಬೆರಳು ನಿಂತಿತು.

“ಸುವರ್ಣ ಅಂತ ಹೆಸರಿಟ್ಟುಕೊಂಡು ಕುಂದರ್ ಹೇಗಾಗುತ್ತಾನೆ?”

“ಸುವರ್ಣ ಅವನ ಅಪ್ಪನದ್ದು. ದುಬೈ, ಬೊಂಬಾಯಿ ಅಂತ ಹೋದವರು ಮಕ್ಕಳಿಗೆ ಅಪ್ಪನದ್ದನ್ನೇ ಬರೆಸುತ್ತಾರೆ. ಅಲ್ಲಿಯವರಿಗೆ ತಾಯಿಯ ಬರಿ ಎಲ್ಲ ಅರ್ಥ ಆಗುತ್ತದಾ? ಆದರೆ ಬರಿ ಅಂದರೆ ತಾಯಿಯದ್ದೇ. ಅದು ಹೆಸರು ಬರೆಸಿದ ಕೂಡಲೇ ಬದಲಾಗುತ್ತದಾ ಮಾರಾಯ್ತಿ?”

ಬೊಂಬಾಯಿ!

ಭವ್ಯಶ್ರೀ ಎದ್ದು ನಿಂತಳು. ಕೈ ತೊಳೆದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಮನೆಯ ಮುಂದಿನ ಅಂಗಡಿಗೆ ಬಂದು, ಡ್ರಾಯರಿನಿಂದ ಸೂಜಿಯ ಪೊಟ್ಟಣವನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಬರುತ್ತೇನಮ್ಮ ಎಂದಳು. ಬಾಗಿಲಲ್ಲಿ ಫೋನು ತೆಗೆದು ನಾಲ್ಕು ಅಕ್ಷರ ಒತ್ತಿದಳು, ಅಳಿಸಿದಳು. ಇಂಥದ್ದನ್ನು ವಾಟ್ಸಾಪಿನಲ್ಲಿ ಕೇಳುವುದೇ?

ಮಣಿಪಾಲದ ಬಸ್ಸು ಎದುರಿಗೇ ಬಂದು ನಿಂತಿತು. ಅವಳು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು ಮಂಗಳೂರಿನ ಎಕ್ಸ್‌ಪ್ರೆಸ್ಸಿನಲ್ಲಿ ಕೂತಳು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ‘ಒಂದು ವೇಳೆ ತಾಯಿಯದ್ದೇ ಕರ್ಕೇರ ಆಗಿದ್ದರೆ? ಅಪ್ಪನದ್ದು ಬೇರೆ ಇರಬಹುದಲ್ಲ! ಹಾಗಾದರೆ ಕೇಳಿ ಮಾನ ಹೋಗುವುದು ಮಾತ್ರ ಬಾಕಿ...’ ಕಟಪಾಡಿಯಲ್ಲಿ ಇಳಿದುಬಿಡಲೇ ಎನಿಸಿತು. ಎದ್ದು ಕೂಡ ನಿಂತಳು. ಕಂಡಕ್ಟರು ಕಾಪುವಿಗೆ ಟಿಕೆಟ್ ತೆಗೆದಿದ್ದೀರಲ್ಲ ಎಂದ. ಮತ್ತೆ ಕೂತಳು.

ಕಾಪುವಿನಲ್ಲಿ ಕಡಲಿನ ಕಡೆಗೆ ಹೋಗುವ ರಸ್ತೆಯ ಅಂಗಡಿಯೊಂದರಲ್ಲಿ ಐಸ್ ಪ್ಲಾಂಟಿನ ತಿಲಕ್ ಕರ್ಕೇರರ ಮನೆ ಯಾವುದೆಂದು ಕೇಳಿದಳು. ಇಲ್ಲಿ ಕರ್ಕೇರರ ಮನೆ ಯಾವುದೂ ಇಲ್ಲವಲ್ಲ ಎಂದ ಅಂಗಡಿಯವನು. ಆಮೇಲೆ ತಲೆ ಕೆರೆದುಕೊಂಡು, “ಓ, ಕುಶಲಕ್ಕನ ಮಗನಾ? ಆ ತೆಂಗಿನ ಮರದ ಹಿಂದಿನ ಮನೆ,” ಎಂದು ತೋರಿಸಿದ. ಕರ್ಕೇರರ ಮನೆ ಇಲ್ಲ ಎಂಬ ಮಾತು ಅವಳಿಗೆ ದೇವರ ಪ್ರಸಾದ ಸಿಕ್ಕಿದ ಹಾಗಾಯಿತು. ಹೆಜ್ಜೆ ತನ್ನಿಂದ ತಾನೇ ಚುರುಕಾಯಿತು.

ಕುಶಲಾ ಅಂಗಳದ ಬದಿಯಲ್ಲಿ ಕೂತು ಬಂಗುಡೆ ಶುಚಿ ಮಾಡುತ್ತಿದ್ದರು. ಜಗಲಿಯಲ್ಲಿ ಗ್ರಾಮಫೋನು ಇತ್ತು. ಅದರ ಮೇಲೆ ಬೆಡ್‌ಶೀಟ್ ಹೊದೆಸಿತ್ತು. ವಾಚಿನ ಅಂಗಡಿಯವಳು ಎಂದು ಹೇಳಿದ ಕೂಡಲೇ ಆಕೆ ಮುಖವರಳಿಸಿ, ಮಗನನ್ನು ಕೂಗಿದರು.

ತಿಲಕ್ ಹೊರಗೆ ಬಂದ. ಅವಳನ್ನು ನೋಡಿ ಬಾಗಿಲಲ್ಲೇ ನಿಂತ. ಗಡ್ಡ ಬೆಳೆದಿತ್ತು.

“ಗ್ರಾಮಫೋನ್ ಸರಿಯಾಗಿ ಉಂಟು,” ಅಂದ. ದನಿಯಲ್ಲಿ ಐಸ್ ಪ್ಲಾಂಟೇ ಇ‌ತ್ತು. “ತೊಂದರೆ ಇಲ್ಲ.”

“ಎಂತ ಸರಿ ಉಂಟು?” ಎಂದರು ಕುಶಲಾ ಕೂತಲ್ಲಿಂದಲೇ. “ತಂದ ದಿನದಿಂದ ಹೊದಿಕೆ ತೆಗೆದಿಲ್ಲ. ನಾನು ಕೀಲಿ ಕೊಡಲು ಹೋದರೆ ಬೈಯುತ್ತಾನೆ. ಇವತ್ತು ಕೆಲಸಕ್ಕೂ ಹೋಗಲಿಲ್ಲ. ಇವನಿಗೆ ಯಾವ ಗಾಳಿ ಬಡಿಯಿತೋ!”

ಭವ್ಯಶ್ರೀ ಸೂಜಿಯ ಪೊಟ್ಟಣ ಚಾಚಿದಳು. ಅವನು ತೆಗೆದುಕೊಂಡ.

“ಇದಕ್ಕಾಗಿ ಕಾಪುವಿನವರೆಗೆ ಬಂದದ್ದಾ?”

ಹೌದು ಎಂದು ಹೇಳಿ ಹೋಗಿಬಿಡಬಹುದಿತ್ತು. ಮಾನ ಉಳಿಯುತ್ತಿತ್ತು. ಭಾನುವಾರ ಹೂಡೆಯವರ ಎದುರು ಚಹಾದ ತಟ್ಟೆ ಹಿಡಿದು ನಿಲ್ಲಬಹುದಿತ್ತು.

“ಅಲ್ಲ,” ಎಂದಳು. “ಒಂದು ಕೇಳುವುದುಂಟು. ನಿಮ್ಮದು... ಯಾವ ಬರಿ?”

ಕುಶಲಾಳ ಕೈಯಲ್ಲಿದ್ದ ಕತ್ತಿ ಮೀನಿನ ಮೇಲೆ ಹಾಗೇ ನಿಂತಿತು.

ತಿಲಕನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿದ. “ಬರಿಯಾ? ಕರ್ಕೇರ. ಪಾರ್ಸೆಲಿನ ಮೇಲೆ ಇತ್ತಲ್ಲ?”

ಮುಗಿಯಿತು. ಎಲ್ಲ ಮುಗಿಯಿತು. ಭವ್ಯಶ್ರೀಯ ಕಣ್ಣು ತುಂಬಿ ಬಂತು. ತಲೆ ತಗ್ಗಿಸಿ, ಸರಿ ಎಂದು ಹೇಳಿ ತಿರುಗಿದಳು.

“ನಿಲ್ಲು ಮಗಳೇ!” ಕುಶಲಾ ಎದ್ದೇ ಬಿಟ್ಟಿದ್ದರು. “ಬೊಂಬಾಯಿಯಲ್ಲಿ ಹುಟ್ಟಿದವನ ಹತ್ತಿರ ಬರಿ ಕೇಳಿದರೆ ಎಂತ ಗೊತ್ತುಂಟು ಅವನಿಗೆ? ಕರ್ಕೇರ ಇವನ ಅಪ್ಪನದ್ದು. ಶಾಲೆಗೆ ಸೇರಿಸುವಾಗ ಅವರು ಹಾಗೆ ಬರೆಸಿದ್ದು. ನಾನು ಪುತ್ರನ್. ಇವನೂ ಪುತ್ರನ್.”

ಭವ್ಯಶ್ರೀ ನಿಂತಲ್ಲೇ ನಿಂತಳು. ತಡೆದಿಟ್ಟದ್ದೆಲ್ಲ ಒಮ್ಮೆಲೇ ಬಂತು. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ನಿನ್ನದು ಯಾವುದು?” ಕುಶಲಾ ಹತ್ತಿರ ಬಂದು ಕೇಳಿದರು.

“ಕರ್ಕೇರ... ಇವರದ್ದೂ ಅದೇ ಅಂತ ಎಣಿಸಿ... ನಾನು ಇವರನ್ನು ಅಣ್ಣ ಅಂತ ಕರೆದುಬಿಟ್ಟೆ!”

ಕುಶಲಾ ಮೀನಿನ ಕೈಯನ್ನು ಹಿಂದಕ್ಕೆ ಹಿಡಿದುಕೊಂಡು, ಮೊಣಕೈಯಿಂದಲೇ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ಆಕೆ ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

“ಹುಚ್ಚಿ! ನೀನು ನನ್ನ ಗಂಡನ ಬರಿಯ ಹುಡುಗಿ. ಅವರು ನಿನ್ನ ಅಮ್ಮನಿಗೆ ಅಣ್ಣನ ಲೆಕ್ಕ, ಇದ್ದಿದ್ದರೆ ನೀನು ಅವರನ್ನು ಮಾವ ಅಂತ ಕರೆಯಬೇಕಿತ್ತು. ಮಾವನ ಮಗ ಅಣ್ಣ ಹೇಗಾಗುತ್ತಾನೆ? ಭಾವ ಆಗುತ್ತಾನೆ. ಹಿಂದಿನವರು ಇಂಥ ಸಂಬಂಧವನ್ನೇ ಹುಡುಕಿಕೊಂಡು ಹೋಗುತ್ತಿದ್ದರು.”

ಯಾವ ಹೆಸರು ತನ್ನನ್ನು ಸುಟ್ಟಿತ್ತೋ ಅದೇ ಹೆಸರು! ಭವ್ಯಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ತಿಲಕ್ ಇನ್ನೂ ಬಾಗಿಲಲ್ಲೇ ಇದ್ದ. ಅಮ್ಮ ಅವನ ಕಡೆ ತಿರುಗಿ, ಒಂದು ಹುಡುಗಿ ಮನೆಯವರೆಗೆ ಬಂದು ಬರಿ ಕೇಳಿದರೆ ಅದರ ಅರ್ಥ ಎಂತ ಅಂತ ಇನ್ನಾದರೂ ಯೋಚನೆ ಮಾಡು ಪೆದ್ದ ಎಂದು ಹೇಳಿ, ಅನ್ನ ಅಡಿ ಹಿಡಿಯುತ್ತದೆ ಎಂದು ಒಳಗೆ ಹೋದರು. ಒಲೆ ಹಚ್ಚಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಅವನು ಮೆಟ್ಟಿಲಿಳಿದು ಬಂದ.

“ಅದಕ್ಕಾ ಅಣ್ಣ ಅಂದದ್ದು?”

ಅವಳು ತಲೆಯಾಡಿಸಿದಳು.

“ನನಗೆ ಇದೆಲ್ಲ ಗೊತ್ತಿಲ್ಲ ಭವ್ಯಾ. ನಾನು ಹೇಳುವ ಮೊದಲೇ ಬೇಡ ಅನ್ನುವ ರೀತಿ ಅದು ಅಂತ ಎಣಿಸಿದೆ. ಎಷ್ಟು ಸಲ ಕಲ್ಸಂಕದವರೆಗೆ ಬಂದು ತಿರುಗಿ ಹೋಗಿದ್ದೇನೆ, ನಿಮಗೆ ಗೊತ್ತುಂಟಾ?”

“ಒಮ್ಮೆ ಒಳಗೆ ಬಂದು ಬೈಯಬಾರದಿತ್ತಾ? ನಾನು ಸತ್ತು ಹೋದ ಹಾಗೆ ಆಗಿದ್ದೆ...” ಎಂದು ಅಳುತ್ತಲೇ ರೇಗಿದಳು. ಮೂಗಿನ ತುದಿಗೆ ಕೋಪ ವಾಪಸ್ ಬಂದಿತ್ತು. ತಿಲಕನ ಕೆನ್ನೆಯ ಗುಳಿಯೂ.

ಇಬ್ಬರೂ ಗ್ರಾಮಫೋನಿನ ಎದುರು ಕೂತರು. ಹೊದಿಕೆ ತೆಗೆದು, ಹೊಸ ಸೂಜಿ ಸಿಕ್ಕಿಸಿ, ಅವಳು ಕೀಲಿ ಕೊಟ್ಟಳು. ನಾಗಸ್ವರ ಅಂಗಳಕ್ಕೆ ಬಂತು. ಈ ಸಲ ಅದು ಓಡಲೂ ಇಲ್ಲ, ತೆವಳಲೂ ಇಲ್ಲ. ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಕುಶಲಾ ತನ್ನ ಮದುವೆಯ ದಿನಕ್ಕೆ ಹೋಗಿದ್ದರು.

“ಒಂದು ತಪ್ಪು ಮಾಡಿದ್ದೇನೆ,” ಎಂದಳು ಭವ್ಯಶ್ರೀ ತಟ್ಟೆಯನ್ನೇ ನೋಡುತ್ತಾ. “ಇದು ಯಾವಾಗಲೋ ಸರಿಯಾಗಿತ್ತು. ನೀವು ಬರುವ ಮೊದಲು ನಾನೇ ತಿರುಪನ್ನು...”

“ಅರ್ಧ ಸುತ್ತು. ಗೊತ್ತಿತ್ತು. ನಾನೂ ಮೆಕ್ಯಾನಿಕ್ಕೇ ಅಲ್ವಾ?”

“ಮತ್ತೆ ಹೇಳಲಿಲ್ಲ ಯಾಕೆ?”

“ಹೇಳಿದ್ದರೆ ನೀವು ಬಿಗಿ ಮಾಡುತ್ತಿದ್ದಿರಿ.”

ಅವಳು ನಾಚಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಆ ಕೈಗಳನ್ನು ಮೆಲ್ಲನೆ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡ.

“ಆ ಮಾತು ಈಗ ಹೇಳಲಾ? ನೀವಿಲ್ಲದೆ ನನಗೆ ಆಗುವುದಿಲ್ಲ ಭವ್ಯಾ. ಅಷ್ಟೇ. ಇದನ್ನು ಹೇಳಲು ಕಾರ್ಕಳಕ್ಕೆ ಹೋಗುವಾಗಲೂ ಧೈರ್ಯ ಬರಲಿಲ್ಲ, ಬರುವಾಗಲೂ ಬರಲಿಲ್ಲ.”

“ನನಗೂ ಆಗುವುದಿಲ್ಲ,” ಎಂದಳು. ಸ್ವಲ್ಪ ಹೊತ್ತಿಗೆ ಹೂಡೆಯವರು ನೆನಪಾಗಿ ಗಾಬರಿಯಾದಳು. “ಭಾನುವಾರ ನನ್ನನ್ನು ನೋಡಲು ಬರುತ್ತಾರೆ!”

“ನಾಳೆಯೇ ಹೋಗುವ,” ಎಂಬ ಮಾತು ಅಡುಗೆಮನೆಯಿಂದ ಬಂತು. “ಶುಕ್ರವಾರ ಒಳ್ಳೆಯ ದಿನ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ತಿಲಕ್ ಅವಳ ಕಿವಿಯ ಹತ್ತಿರ ಬಾಗಿದ.

“ನಾಳೆ ಬಾಗಿಲು ಯಾರು ತೆಗೆಯುವುದು?”

“ನಾನೇ ತೆಗೆಯುತ್ತೇನೆ.”

“ಎಂತ ಹೇಳಿ ಒಳಗೆ ಕರೆಯುತ್ತೀರಿ?”

ಭವ್ಯಶ್ರೀ ಒಮ್ಮೆ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು.

“ಬನ್ನಿ ಭಾವ.”